‘ರೋಮ್‌ನಿಂದ ಕ್ರೂಸ್’ ಅಂತ ಇದ್ದರೆ, ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ರೋಮ್‌ನಲ್ಲಿ ಕ್ರೂಸ್ ಹಡಗು ನಿಲ್ಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಏಜೆಂಟ್ ನಮಗೆ ಇದೊಂದು ಮಾತು ಹೇಳದೇ ಇದ್ದದ್ದಕ್ಕೇ ನಮಗೆ ಹಡಗು ತಪ್ಪಿತು. ಪ್ಯಾಕೇಜಿನಲ್ಲಿ ‘ರೋಮ್‌ನಿಂದ 7 ರಾತ್ರಿಯ ಮೆಡಿಟರೇನಿಯನ್ ಕ್ರೂಸ್’ ಅಂತ ದೊಡ್ಡದಾಗಿ ಬರೆದಿತ್ತು. ಹಡಗು ಹೊರಡುವುದು ಚಿವಿತವೆಕ್ಕಿಯಾ ಅನ್ನುವ ಬೇರೆಯೇ ಊರಿನಿಂದ. ರೋಮ್‌ನಿಂದ ಅಲ್ಲಿಗೆ ಸುಮಾರು 70 ಕಿಲೋಮೀಟರ್. ಫ್ಯೂಮಿಚಿನೋ ವಿಮಾನ ನಿಲ್ದಾಣದಲ್ಲಿ ಇಳಿದವರು ರೋಮ್ ಮುಟ್ಟದೆಯೇ ಹೆದ್ದಾರಿ ಹಿಡಿದು ನೇರವಾಗಿ ಬಂದರಿಗೆ ಹೋಗಬಹುದು. ಇದು ಗೊತ್ತಿಲ್ಲದಿದ್ದರೆ ಮೊದಲು ರೋಮ್, ಆಮೇಲೆ ಬಂದರು ಅಂತ ಸುತ್ತು ಹಾಕಿ ಅರ್ಧ ದಿನ ಕಳೆದುಕೊಳ್ಳುತ್ತೀರಿ.

ಏಜೆಂಟ್ ತಾನೇ ಟೈಪ್ ಮಾಡಿ ಕೊಟ್ಟ ಒಂದು ಹಾಳೆಯ ಕಾರ್ಯಕ್ರಮ ನೋಡಲು ಚೆನ್ನಾಗಿಯೇ ಇತ್ತು. ಬೆಳಗ್ಗೆ ವಿಮಾನ ಇಳಿಯುವುದು, ಕಾರಿನಲ್ಲಿ ಅರ್ಧ ದಿನ ರೋಮ್ ನೋಡುವುದು, ಸಂಜೆ 5ಕ್ಕೆ ಹಡಗು. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ, ಅದಕ್ಕೇ ನಮ್ಮ ಪ್ಯಾಕೇಜ್ ಬೇರೆಯವರಿಗಿಂತ ಅಗ್ಗ ಅಂದಿದ್ದರು. ಹಡಗು ಕಂಪನಿಯ ಅಸಲಿ ಟಿಕೆಟ್ ಕೇಳಿದ್ದಕ್ಕೆ, ಪಾಸ್‌ಪೋರ್ಟ್ ತೋರಿಸಿದರೆ ಸಾಕು, ಅದೆಲ್ಲ ನಮ್ಮ ಸಿಸ್ಟಮ್‌ನಲ್ಲಿ ಇದೆ ಅಂದರು.

ವಿಮಾನ ತಡವಾಯಿತು. ಎರಡು ಗಂಟೆಗೂ ಜಾಸ್ತಿ. ಅದರಲ್ಲಿ ಯಾರ ತಪ್ಪೂ ಇಲ್ಲ, ವಿಮಾನ ಅಂದಮೇಲೆ ತಡ ಆಗುವುದು ಇದ್ದದ್ದೇ ಅಲ್ವಾ? ಪಾಸ್‌ಪೋರ್ಟ್ ಸಾಲು, ಬ್ಯಾಗು ಎಲ್ಲ ಮುಗಿಸಿ ಹೊರಗೆ ಬರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಸುತ್ತಾಟ ಬೇಡ, ನೇರವಾಗಿ ಹಡಗಿಗೆ ಬಿಡಿ ಅಂತ ಡ್ರೈವರ್‌ಗೆ ಹೇಳಿದೆವು. ಅವನು ತನ್ನ ಫೋನಿನಲ್ಲಿದ್ದ ವೋಚರ್ ತೋರಿಸಿದ. ಅದರಲ್ಲಿ ಇದ್ದದ್ದು ರೋಮ್ ನಗರ, ಟೆರ್ಮಿನಿ ರೈಲು ನಿಲ್ದಾಣ. ಬಂದರಿನ ಹೆಸರೇ ಇರಲಿಲ್ಲ. ಏಜೆಂಟ್‌ಗೆ ಫೋನ್ ಮಾಡಿದರೆ, ಗಾಬರಿ ಬೇಡ, ಟೆರ್ಮಿನಿಗೆ ಹೋಗಿ, ಅಲ್ಲಿಂದ ರೈಲು ಇದೆ, ಹಡಗು ಇರುವುದು 5ಕ್ಕೆ, ಬೇಕಾದಷ್ಟು ಟೈಮ್ ಇದೆ ಅಂದರು. ಅವರ ಮಾತು ನಂಬಿ ಹೋದೆವು. ಟೆರ್ಮಿನಿಯಲ್ಲಿ ಚಿವಿತವೆಕ್ಕಿಯಾ ರೈಲು ನಿಲ್ಲುವ ಪ್ಲಾಟ್‌ಫಾರ್ಮ್ ಬಹಳ ದೂರ, ದೊಡ್ಡ ಬ್ಯಾಗು ಎಳೆದುಕೊಂಡು, ವಯಸ್ಸಾದ ಅಮ್ಮನನ್ನು ಕರೆದುಕೊಂಡು ನಡೆದು, ಸಿಕ್ಕ ರೈಲು ಹತ್ತಿದೆವು. ಅದು ಊರೂರಿಗೆ ನಿಲ್ಲುವ ರೈಲು, ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಇಳಿದ ಮೇಲೂ ಹಡಗು ಎದುರಿಗೆ ಇರುವುದಿಲ್ಲ. ನಿಲ್ದಾಣದಿಂದ ಲಾರ್ಗೋ ದೆಲ್ಲಾ ಪಾಚೆ ಅನ್ನುವ ಜಾಗಕ್ಕೆ ಹೋಗಬೇಕು, ಅಲ್ಲಿಂದ ಬಂದರಿನ ಬಸ್ಸು ಹತ್ತಬೇಕು, ಆ ಬಸ್ಸು ನಿಮ್ಮ ಟರ್ಮಿನಲ್‌ಗೆ ಬಿಡುತ್ತದೆ.

ನಾವು ಟರ್ಮಿನಲ್ ಬಾಗಿಲಿಗೆ ಬಂದಾಗ 4 ಗಂಟೆ ದಾಟಿತ್ತು. ಒಳಗೆ ಬ್ಯಾಗು ತಪಾಸಣೆಯ ಬೆಲ್ಟ್ ನಿಂತಿತ್ತು. ಸಾಲು ನಿಲ್ಲಿಸಲು ಕಟ್ಟಿದ ಪಟ್ಟಿಗಳನ್ನು ಒಬ್ಬ ಹುಡುಗ ಸುತ್ತಿ ಎತ್ತಿಡುತ್ತಿದ್ದ. ಕೌಂಟರಿನ ಹೆಂಗಸು ನಮ್ಮ ಪಾಸ್‌ಪೋರ್ಟ್ ನೋಡಿ, ಕಂಪ್ಯೂಟರಿನಿಂದ ನಮ್ಮ ಟಿಕೆಟ್ ಮುದ್ರಿಸಿ, ಒಂದು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು ನಮ್ಮ ಕಡೆ ತಿರುಗಿಸಿದಳು. ಚೆಕ್-ಇನ್ ಮುಕ್ತಾಯ 15:30. ಅದೇ ಟಿಕೆಟ್ಟನ್ನು ಏಜೆಂಟ್ ನಮಗೆ ಕೊಡಲೇ ಇಲ್ಲ. ಗಾಜಿನ ಆಚೆ ಹಡಗು ನಿಂತೇ ಇತ್ತು, ಹತ್ತುವ ಸೇತುವೆ ಕೂಡ ಇನ್ನೂ ತೆಗೆದಿರಲಿಲ್ಲ. ಅಮ್ಮ ಕೈ ಮುಗಿದು ಕೇಳಿಕೊಂಡರು. ಆಗಲಿಲ್ಲ.

ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ಹಡಗು 5ಕ್ಕೆ ಹೊರಡುತ್ತದೆ ಅಂದರೆ ನಾವು 5ಕ್ಕೆ ಹೋಗಬಹುದು ಅಂತ ಅರ್ಥವಲ್ಲ. ಹೊರಡುವುದಕ್ಕೆ ಒಂದು, ಒಂದೂವರೆ ಗಂಟೆ ಮುಂಚೆಯೇ ಬಾಗಿಲು ಮುಚ್ಚುತ್ತಾರೆ. ಹಡಗಿನಲ್ಲಿ ಯಾರ್‍ಯಾರು ಇದ್ದಾರೆ ಅನ್ನುವ ಪಟ್ಟಿಯನ್ನು ಅವರು ಅಂತಿಮ ಮಾಡಬೇಕು. ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ಎಲ್ಲ ಪ್ರಯಾಣಿಕರಿಗೂ ತೋರಿಸಬೇಕು. 2012ರ ಜನವರಿಯಲ್ಲಿ ಇದೇ ಬಂದರಿನಿಂದ ಹೊರಟ ಕೋಸ್ತಾ ಕಾಂಕೋರ್ಡಿಯಾ ಅನ್ನುವ ಕ್ರೂಸ್ ಹಡಗು ಜಿಲ್ಯೋ ದ್ವೀಪದ ಹತ್ತಿರ ಬಂಡೆಗೆ ಬಡಿದು 32 ಜನ ಸತ್ತರು. ಹೊಸದಾಗಿ ಹತ್ತಿದ ಎಷ್ಟೋ ಜನರಿಗೆ ಆಗ ಈ ತರಬೇತಿಯೇ ಆಗಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮ ಬದಲಾಯಿತು, 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಇದನ್ನು ಮಾಡಲೇಬೇಕು. ಕ್ರೂಸ್ ಮಾರುವವರಿಗೆ ಇದೆಲ್ಲ ಗೊತ್ತಿರಬೇಕು. ಗೊತ್ತಿದ್ದೂ ಅದೇ ದಿನದ ವಿಮಾನ ಹಾಕಿ ಕೊಟ್ಟರು ಅನ್ನುವುದೇ ನನ್ನ ಹೊಟ್ಟೆ ಉರಿಸುವ ವಿಷಯ.

ನಿಮಗೂ ಹೀಗೇ ಆದರೆ ಮೊದಲು ಮಾಡಬೇಕಾದ ಕೆಲಸ ಹೇಳುತ್ತೇನೆ. ಏಜೆಂಟ್ ಜೊತೆ ಜಗಳಕ್ಕೆ ನಿಲ್ಲಬೇಡಿ, ಅದು ಆಮೇಲೆ. ಟರ್ಮಿನಲ್‌ನಲ್ಲೇ ಹಡಗು ಕಂಪನಿಯ ಪೋರ್ಟ್ ಏಜೆಂಟ್ ಇರುತ್ತಾರೆ, ಅವರನ್ನು ಹಿಡಿದು, ಮುಂದಿನ ಬಂದರಿನಲ್ಲಿ ಹತ್ತುತ್ತೇವೆ ಅಂತ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ಹೇಳದೇ ಹೋದರೆ ಬರದೇ ಇದ್ದವರು ಅಂತ ದಾಖಲಾಗುತ್ತದೆ, ದುಡ್ಡೂ ಹೋಗುತ್ತದೆ, ಕೋಣೆಯೂ ಹೋಗುತ್ತದೆ. ನಮ್ಮ ಪುಣ್ಯಕ್ಕೆ ಮುಂದಿನ ಬಂದರು ನೇಪಲ್ಸ್. ರಾತ್ರಿ ರೋಮ್‌ಗೆ ವಾಪಸ್ ಬಂದು, ಟೆರ್ಮಿನಿ ಹತ್ತಿರ ಸಿಕ್ಕ ಹೋಟೆಲಿನಲ್ಲಿ ಕೇಳಿದಷ್ಟು ಕೊಟ್ಟು ಮಲಗಿ, ಬೆಳಗಿನ ವೇಗದ ರೈಲಿನಲ್ಲಿ ನೇಪಲ್ಸ್‌ಗೆ ಹೋದೆವು. ಸುಮಾರು ಒಂದು ಗಂಟೆ ಹತ್ತು ನಿಮಿಷ. ಅಲ್ಲಿ ಬಂದರು ಊರಿನ ನಡುವೆಯೇ ಇದೆ, ಹಳೆಯ ಕೋಟೆಯ ಎದುರಿಗೆ. ಮುಂದಿನ ಬಂದರು ಬೇರೆ ದೇಶದಲ್ಲಿದ್ದಿದ್ದರೆ ಹೊಸ ವಿಮಾನ ಟಿಕೆಟ್ಟೇ ಬೇಕಾಗುತ್ತಿತ್ತು. ಅಮೆರಿಕದ ಬಂದರುಗಳಲ್ಲಿ ಇನ್ನೂ ಕಷ್ಟ. ಅಲ್ಲಿ 1886ರ ಒಂದು ಕಾನೂನಿನಿಂದಾಗಿ, ವಿದೇಶಿ ಬಾವುಟದ ಹಡಗನ್ನು ಒಂದು ಅಮೆರಿಕನ್ ಬಂದರಿನಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯಲು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ತಪ್ಪಿದ ಹಡಗನ್ನು ಮುಂದಿನ ಊರಲ್ಲಿ ಹಿಡಿಯಲು ಎಷ್ಟೋ ಸಲ ಆಗುವುದೇ ಇಲ್ಲ.

ಹೀಗೆ ಅವರು ಉಳಿಸಿದ್ದೇವೆ ಅಂದ ಹೋಟೆಲ್ ದುಡ್ಡಿನ ಎಷ್ಟೋ ಪಟ್ಟು ಒಂದೇ ರಾತ್ರಿಯಲ್ಲಿ ಹೋಯಿತು. ವಿಮೆ ಇತ್ತು. ಆದರೆ ಅದರಲ್ಲಿ ವಿಮಾನ ತಡವಾದರೆ ಊಟ, ಹೋಟೆಲ್ ಖರ್ಚು ಮಾತ್ರ ಇತ್ತು, ಹಡಗು ತಪ್ಪಿದರೆ ಅನ್ನುವ ಸಾಲೇ ಇರಲಿಲ್ಲ. ಕ್ರೂಸ್‌ಗೆ ಅಂತ ಹೇಳಿಯೇ ವಿಮೆ ತೆಗೆದುಕೊಳ್ಳಿ, ಆ ಸಾಲು ಇದೆಯಾ ಅಂತ ನೀವೇ ಓದಿ. ಯುರೋಪಿನಲ್ಲಿ ವಿಮಾನ ಮೂರು ಗಂಟೆಗಿಂತ ಜಾಸ್ತಿ ತಡವಾದರೆ ಕೆಲವು ಸಂದರ್ಭಗಳಲ್ಲಿ 250ರಿಂದ 600 ಯೂರೋವರೆಗೆ ಪರಿಹಾರ ಕೇಳಬಹುದು, ಅದು ನಿಜ. ಅದು ವಿಮಾನದ ತಡಕ್ಕೆ ಮಾತ್ರ, ತಪ್ಪಿದ ಹಡಗಿಗಲ್ಲ.

ಹಡಗಿನ ಒಳಗಿನ ಕಥೆಯನ್ನು ಬೇಗ ಮುಗಿಸುತ್ತೇನೆ. ‘ಎಲ್ಲ ಸೇರಿ’ ಅಂತ ಏಜೆಂಟ್ ಬರೆದಿದ್ದರಲ್ಲಿ ಸೇವಾ ಶುಲ್ಕ ಸೇರಿರಲಿಲ್ಲ. ಅದನ್ನು ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ಲೆಕ್ಕ ಹಾಕುತ್ತಾರೆ, ಮಕ್ಕಳಿಗೂ ಇರಬಹುದು, ಕೊನೆಯ ದಿನ ಬಿಲ್ಲಿನಲ್ಲಿ ಬಂದು ಕೂರುತ್ತದೆ. ರಾತ್ರಿ ಊಟದ ಮೇಜಿಗೆ ಇಟ್ಟ ನೀರಿನ ಬಾಟಲಿಗೂ ನಮ್ಮ ಹಡಗಿನಲ್ಲಿ ದುಡ್ಡು. ಪಾನೀಯದ ಪ್ಯಾಕೇಜ್ ಒಬ್ಬರು ತೆಗೆದುಕೊಂಡರೆ ಅದೇ ಕೋಣೆಯ ಉಳಿದ ದೊಡ್ಡವರೂ ತೆಗೆದುಕೊಳ್ಳಬೇಕು ಅನ್ನುವ ನಿಯಮ ಎಷ್ಟೋ ಕಂಪನಿಗಳಲ್ಲಿದೆ. ಡೆಬಿಟ್ ಕಾರ್ಡ್ ಕೊಟ್ಟರೆ ಖರ್ಚು ಮಾಡದಿದ್ದರೂ ಒಂದಿಷ್ಟು ಹಣ ತಡೆಹಿಡಿಯುತ್ತಾರೆ, ಅದು ವಾಪಸ್ ಬರಲು ದಿನಗಟ್ಟಲೆ ಬೇಕು. ಫೋನನ್ನು ಹಡಗು ಹೊರಡುವ ಮೊದಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಸಮುದ್ರದಲ್ಲಿ ಸಿಗುವ ಸಿಗ್ನಲ್ ಉಪಗ್ರಹದ್ದು, ನಿಮ್ಮ ಮಾಮೂಲಿ ರೋಮಿಂಗ್ ಪ್ಲಾನ್‌ಗೆ ಅದು ಸೇರಿರುವುದಿಲ್ಲ. ಅಗ್ಗದ ದರದ ಕೋಣೆ ಅಂದರೆ ಸಾಮಾನ್ಯವಾಗಿ ಕೋಣೆಯ ಸಂಖ್ಯೆ ಅವರೇ ಆರಿಸುತ್ತಾರೆ. ಅಮ್ಮನ ಕೋಣೆ ನಮ್ಮಿಂದ ಎರಡು ಮಹಡಿ ಕೆಳಗೆ ಬಂತು. ವಯಸ್ಸಾದವರು ಜೊತೆಗಿದ್ದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಕೋಣೆ ನೀವೇ ಆರಿಸಿ.

ವೀಸಾ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ. ಹಡಗು ಟರ್ಕಿ, ಮಾಂಟೆನೆಗ್ರೋ, ಟ್ಯುನೀಷಿಯಾ ಇಂಥ ಕಡೆ ಹೋದರೆ ಷೆಂಗೆನ್‌ನಿಂದ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಿನಿಂದ, ಹೊರಗೆ ಹೋದಂತೆ. ಒಂದೇ ಪ್ರವೇಶದ ವೀಸಾ ಇದ್ದರೆ ವಾಪಸ್ ಇಟಲಿಗೆ ಬರುವಾಗ ಅದು ಮುಗಿದಿರುತ್ತದೆ, ಹಾಗಾಗಿ ಹತ್ತುವಾಗಲೇ ತಡೆಯುತ್ತಾರೆ. ನಮ್ಮದು ಬರೀ ಷೆಂಗೆನ್ ಒಳಗಿನ ದಾರಿ ಆದ್ದರಿಂದ ಉಳಿದುಕೊಂಡೆವು. ಇನ್ನೊಂದು, 2025ರ ಅಕ್ಟೋಬರ್‌ನಿಂದ ಅಲ್ಲಿನ ಗಡಿಗಳಲ್ಲಿ ಮುದ್ರೆ ಒತ್ತುವ ಬದಲು ಫೋಟೋ, ವಿವರ ಎಲ್ಲ ಕಂಪ್ಯೂಟರಿಗೆ ಹಾಕುವ ಹೊಸ ಪದ್ಧತಿ ಶುರುವಾಗಿದೆ. ಮೊದಲ ಸಲ ಹೋಗುವವರು ಪಾಸ್‌ಪೋರ್ಟ್ ಸಾಲಿಗೆ ಜಾಸ್ತಿ ಸಮಯ ಇಟ್ಟುಕೊಳ್ಳಿ.

ಹಾಗಾದರೆ ಕಡಿಮೆ ಖರ್ಚಿನಲ್ಲಿ ಹೇಗೆ? ಒಂದು ದಿನ ಮುಂಚೆಯೇ ಹೋಗಿ. ಹಡಗಿನ ದಿನ ವಿಮಾನ ಇಳಿಯುವ ಪ್ಯಾಕೇಜ್ ಎಷ್ಟೇ ಅಗ್ಗವಾದರೂ ಬೇಡ ಅನ್ನಿ. ರೋಮ್‌ನಲ್ಲಿ ಎಲ್ಲರೂ ಟೆರ್ಮಿನಿ ಹತ್ತಿರ ರೂಮು ಹುಡುಕುತ್ತಾರೆ. ಚಿವಿತವೆಕ್ಕಿಯಾಗೆ ಹೋಗುವ ಸ್ಥಳೀಯ ರೈಲು ರೋಮಾ ಸಾನ್ ಪಿಯೆತ್ರೊ ಮತ್ತು ತ್ರಾಸ್ತೆವೆರೆ ನಿಲ್ದಾಣಗಳಲ್ಲೂ ನಿಲ್ಲುತ್ತದೆ. ಸಾನ್ ಪಿಯೆತ್ರೊ ಅಂದರೆ ವ್ಯಾಟಿಕನ್ ಪಕ್ಕ, ಸಂತ ಪೀಟರ್ ಚರ್ಚಿಗೆ ಅಲ್ಲಿಂದ ನಡೆದೇ ಹೋಗಬಹುದು. ಅಲ್ಲಿ ಉಳಿದುಕೊಂಡರೆ ಹಿಂದಿನ ದಿನ ಊರು ನೋಡಿ, ಮರುದಿನ ಬೆಳಗ್ಗೆ ನಿರಾಳವಾಗಿ ರೈಲು ಹತ್ತಬಹುದು. ಟಿಕೆಟ್ ಐದು ಯೂರೋ ಆಸುಪಾಸು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಅಚ್ಚು ಹಾಕಿಸಿ, ಇಲ್ಲದಿದ್ದರೆ ದಂಡ. ವಿಮಾನ ನಿಲ್ದಾಣದಿಂದ ಬರುವವರು ತ್ರಾಸ್ತೆವೆರೆಯಲ್ಲೇ ರೈಲು ಬದಲಿಸಬಹುದು, ಟೆರ್ಮಿನಿವರೆಗೆ ಹೋಗುವ 14 ಯೂರೋದ ಎಕ್ಸ್‌ಪ್ರೆಸ್ ರೈಲು ಬೇಕಿಲ್ಲ. ಹೋಟೆಲಿನಲ್ಲಿ ನಗರ ತೆರಿಗೆ ಅಂತ ತಲೆಗೆ ಇಷ್ಟು ಪ್ರತ್ಯೇಕವಾಗಿ ಕೇಳುತ್ತಾರೆ, ಅದು ಮೋಸವಲ್ಲ, ಅಲ್ಲಿನ ನಿಯಮ. ಆದರೆ ಬುಕಿಂಗ್ ದರದಲ್ಲಿ ಅದು ಕಾಣುವುದಿಲ್ಲ.

ಕ್ರೂಸ್ ಮುಗಿದ ದಿನ ರಾತ್ರಿ ವಿಮಾನ ಇದ್ದರೆ ಬ್ಯಾಗು ಎಲ್ಲಿಡುತ್ತೀರಿ ಅಂತ ಮುಂಚೆಯೇ ಯೋಚಿಸಿ, ಟೆರ್ಮಿನಿಯಲ್ಲಿ ದುಡ್ಡು ಕೊಟ್ಟು ಇಡಬಹುದು. ಆ ದಿನ ಭಾನುವಾರವಾದರೆ ವ್ಯಾಟಿಕನ್ ಮ್ಯೂಸಿಯಂ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಬಿಟ್ಟು. ಏಜೆಂಟ್ ನಮಗೆ ಅದೇ ದಿನ ಅದನ್ನು ಬರೆದು ಕೊಟ್ಟಿದ್ದರು. ಬಾಗಿಲ ತನಕ ಹೋಗಿ ವಾಪಸ್ ಬಂದೆವು. ಪ್ಯಾಂಥಿಯನ್ ಅನ್ನುವ ಪುರಾತನ ದೇವಾಲಯಕ್ಕೆ 2023ರಿಂದ ಟಿಕೆಟ್ ಇದೆ, ಅದನ್ನೂ ಹಳೆಯ ಪಟ್ಟಿಯಲ್ಲಿ ಉಚಿತ ಅಂತಲೇ ಹಾಕಿದ್ದರು. ಬೀದಿಬೀದಿಯಲ್ಲಿ ಹರಿಯುವ ನಲ್ಲಿಗಳ ನೀರು ಮಾತ್ರ ನಿಜವಾಗಿಯೂ ಉಚಿತ, ಕುಡಿಯಲೂ ಒಳ್ಳೆಯದು. ಬಾಟಲಿ ತುಂಬಿಸಿಕೊಳ್ಳಿ.

ಇದು ರೋಮ್‌ಗೆ ಮಾತ್ರ ಅಂದುಕೊಳ್ಳಬೇಡಿ. ಲಂಡನ್ ಅಂತ ಇದ್ದರೆ ಎಷ್ಟೋ ಸಲ ಅದು ಸೌತಾಂಪ್ಟನ್. ಪ್ಯಾರಿಸ್ ಅಂದರೆ ಲೆ ಹಾವ್ರ್, ಸುಮಾರು 200 ಕಿಲೋಮೀಟರ್. ಬ್ಯಾಂಕಾಕ್ ಅಂದರೆ ಲೇಮ್ ಚಬಾಂಗ್, ಅದೂ ನೂರು ಕಿಲೋಮೀಟರಿನ ಆಚೆ. ವೆನಿಸ್ ಅಂತೂ ಇನ್ನೂ ಗೊಂದಲ. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ಊರಿನ ನಡುವಿನ ಕಾಲುವೆಗೆ ಬರುವಂತಿಲ್ಲ, ಈಗ ವೆನಿಸ್ ಅಂತ ಮಾರುವ ಕ್ರೂಸ್ ರವೆನ್ನಾದಿಂದಲೋ ತ್ರಿಯೆಸ್ತೆಯಿಂದಲೋ ಹೊರಡಬಹುದು. ಊರಿನ ಹೆಸರಿನ ಪಕ್ಕ ಕಂಸದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರು ಇದೆಯಾ ನೋಡಿ, ಹಡಗು ನಿಲ್ಲುವುದು ಅಲ್ಲಿ. ಬಂದರಿನ ಜಂಜಾಟವೇ ಬೇಡ ಅನ್ನುವವರು ಜಿನೋವಾ, ಬಾರ್ಸಿಲೋನಾ ಕಡೆಯಿಂದ ಹೊರಡುವ ಹಡಗು ನೋಡಿ. ಜಿನೋವಾದಲ್ಲಿ ಮುಖ್ಯ ರೈಲು ನಿಲ್ದಾಣದಿಂದ ಹಡಗಿನ ಟರ್ಮಿನಲ್‌ಗೆ ನಡೆದೇ ಹೋಗಬಹುದು.

ವಾಪಸ್ ಬಂದು ಏಜೆಂಟ್‌ಗೆ ಬರೆದೆ. ವಿಮಾನ ತಡವಾದರೆ ನಾವು ಜವಾಬ್ದಾರರಲ್ಲ ಅಂತ ಎರಡು ಸಾಲಿನ ಉತ್ತರ ಬಂತು. ವೋಚರಿನಲ್ಲಿ ಬಂದರಿನ ಹೆಸರು ಯಾಕಿರಲಿಲ್ಲ, ಟಿಕೆಟ್ ಯಾಕೆ ಕೊಡಲಿಲ್ಲ ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ. ವೋಚರಿನ ಫೋಟೋ, ಫೋನ್ ಕರೆಯ ಸಮಯ, ಬಿಲ್ಲುಗಳು ಎಲ್ಲ ಇಟ್ಟುಕೊಂಡಿದ್ದೇನೆ, ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಈಗಾಗಲೇ ಮುಂಗಡ ಕೊಟ್ಟು ಕೂತಿರುವವರು ಇವತ್ತೇ ಹಡಗು ಕಂಪನಿಯ ಟಿಕೆಟ್ಟನ್ನು ನಿಮ್ಮ ಇಮೇಲ್‌ಗೆ ತರಿಸಿಕೊಂಡು ಬಂದರಿನ ಹೆಸರು, ಚೆಕ್-ಇನ್ ಮುಗಿಯುವ ಗಂಟೆ ಎರಡನ್ನೂ ನೋಡಿ. ಪೂರ್ತಿ ಹಣ ಕಟ್ಟುವ ಕೊನೆಯ ದಿನ ಸಾಮಾನ್ಯವಾಗಿ ಹಡಗು ಹೊರಡುವ ಎರಡು ಮೂರು ತಿಂಗಳು ಮುಂಚೆ ಇರುತ್ತದೆ. ವಿಮಾನ ಬದಲಿಸಿ ಅಂತ ಜಗಳ ಮಾಡುವುದಿದ್ದರೆ ಅದಕ್ಕಿಂತ ಮೊದಲೇ ಮಾಡಿ, ಆಮೇಲೆ ರದ್ದು ಮಾಡಿದರೆ ದಂಡ ಕಟ್ಟಬೇಕಾಗುತ್ತದೆ.