ಫಿಯೆರೊಗೆ ‘3800 ಸೂಪರ್‌ಚಾರ್ಜ್ಡ್’ ಎಂಜಿನ್ ಕೊಳ್ಳುವವರೇ, ಬ್ಲಾಕ್ ನಂಬರ್ ನೋಡದೆ ದುಡ್ಡು ಕೊಡಬೇಡಿ

ಮೊದಲೇ ಹೇಳಿಬಿಡ್ತೀನಿ: ಮೇಲೆ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪಂಪು) ಕೂತಿದೆ ಅಂದಮಾತ್ರಕ್ಕೆ ಅದು ಎಲ್67, ಅಂದರೆ ಕಂಪನಿಯೇ ಸೂಪರ್‌ಚಾರ್ಜರ್ ಹಾಕಿ ಕಟ್ಟಿದ ಜಿಎಂ 3800 ವಿ6 ಎಂಜಿನ್, ಅಲ್ಲ. ಅಲ್ಲವೇ ಅಲ್ಲ. 1,400 ಡಾಲರ್ ಕೈಬಿಟ್ಟ ಮೇಲೆ ಇದನ್ನು ಬರೀತಿದೀನಿ. ನಾಚಿಕೆ ಆಗ್ತಿದೆ, ಆದರೂ ಮಿಚಿಗನ್ ಕಡೆ ಫಿಯೆರೊ ಕಾರಿಗೆ ಈ ಎಂಜಿನ್ ಕೂರಿಸುವ ಕೆಲಸಕ್ಕೆ ಕೈಹಾಕಿರುವ ನಮ್ಮವರು ಇನ್ನೂ ಇದ್ದಾರೆ, ಅವರಿಗೆ ಗೊತ್ತಾಗಲಿ.

ಕಾರು 1987ರ ಪಾಂಟಿಯಾಕ್ ಫಿಯೆರೊ ಜಿಟಿ, 2.8 ಲೀಟರ್ ವಿ6, 135 ಎಚ್‌ಪಿ, ಗೆಟ್ರಾಗ್ 5 ಸ್ಪೀಡ್. ಮಾರುವವನು ಕೊಟ್ಟ ಮಾತು: ‘1998ರ ಗ್ರ್ಯಾಂಡ್ ಪ್ರೀ ಜಿಟಿಪಿ ಕಾರಿನಿಂದ ಇಳಿಸಿದ ಪೂರ್ತಿ ಎಲ್67, ಈಟನ್ ಎಂ90 ಚಾರ್ಜರ್, ಪಿಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗ್, 3800ಗೆ ಸರಿಮಾಡಿದ ಫ್ಲೈವೀಲ್’. 240 ಎಚ್‌ಪಿ. ಗೇರ್‌ಬಾಕ್ಸ್ ಕೂರುವ ಬೋಲ್ಟ್ ತೂತುಗಳು 2.8ಕ್ಕೂ ಇದಕ್ಕೂ ಒಂದೇ. ಹಾಗಾಗಿ ಫಿಯೆರೊದವರು ಮೊದಲು ಹುಡುಕೋದೇ ಈ ಎಂಜಿನ್ನು.

ಬಂದದ್ದು ಏನು ಗೊತ್ತಾ? ಕೆಳಗಡೆ ಎಲ್36, ಅಂದರೆ ಚಾರ್ಜರ್ ಇಲ್ಲದ ಸಾದಾ 3800ದ ಬ್ಲಾಕು (ಎಂಜಿನ್ನಿನ ಮುಖ್ಯ ಒಡಲು). ಅದರ ಮೇಲೆ ಎಲ್67ರ ಹೆಡ್, ಇನ್‌ಟೇಕ್, ಚಾರ್ಜರ್ ಕೂರಿಸಿದ್ದಾನೆ. ಹೊರಗಿಂದ ನೋಡಿದರೆ ಯಾರಿಗೂ ಗೊತ್ತಾಗಲ್ಲ. ವ್ಯತ್ಯಾಸ ಇರೋದು ಪಿಸ್ಟನ್‌ನಲ್ಲಿ. ಎಲ್67 ಪಿಸ್ಟನ್ ತಲೆಯ ಗುಂಡಿ ಆಳ, ಕಂಪ್ರೆಷನ್ (ಪಿಸ್ಟನ್ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ) 8.5ಕ್ಕೆ 1. ಎಲ್36ದ್ದು ಮೇಲ್ಮೇಲೆ, 9.4ಕ್ಕೆ 1. ಅಷ್ಟು ಕಂಪ್ರೆಷನ್ ಮೇಲೆ ಚಾರ್ಜರ್ ಗಾಳಿ ತುರುಕಿ, ಎಲ್67ರ ಟ್ಯೂನ್ ಇರುವ ಪಿಸಿಎಂ ಹಾಕಿದರೆ ನಾಕ್ (ಒಳಗೆ ಪೆಟ್ರೋಲ್ ತಾನಾಗೇ ಸಿಡಿಯೋದು) ಆಗದೆ ಇನ್ನೇನಾಗುತ್ತೆ? ಗೊತ್ತಿದ್ದು, ಅದಕ್ಕೆ ತಕ್ಕ ಟ್ಯೂನ್ ಬರೆಸಿ ಇದನ್ನೇ ಕಟ್ಟುವವರಿದ್ದಾರೆ, ಚೆನ್ನಾಗಿಯೇ ಓಡುತ್ತೆ. ಹೇಳದೆ ಮಾರೋದು ಮೋಸ.

93 ಆಕ್ಟೇನ್ ಪೆಟ್ರೋಲ್ ಇತ್ತು, ಚಾರ್ಜರ್ ತಿರುಗಿಸುವ ಪುಲಿ ಕಂಪನಿಯದ್ದೇ 3.8 ಇಂಚು. ಆದರೂ ಅರ್ಧ ಥ್ರಾಟಲ್‌ಗೇ ಸ್ಕ್ಯಾನ್ ಟೂಲ್‌ನಲ್ಲಿ ನಾಕ್ ರಿಟಾರ್ಡ್ 10 ಡಿಗ್ರಿ ದಾಟಿತು. ಪಿಸಿಎಂ ಇಗ್ನಿಷನ್ನನ್ನು ಹಿಂದಕ್ಕೆಳೆದು ಎಂಜಿನ್ ಉಳಿಸಿಕೊಳ್ತಿದೆ ಅಂತ ಅರ್ಥ. ಪ್ಲಗ್ ಬದಲಿಸಿದ್ದಾಯ್ತು, ಫ್ಯುಯಲ್ ಪ್ರೆಶರ್ ನೋಡಿದ್ದಾಯ್ತು, ಎರಡೂ ನಾಕ್ ಸೆನ್ಸರ್ ನೋಡಿದ್ದಾಯ್ತು. ಎಲ್ಲ ಸರಿ. ಕೊನೆಗೆ ಪ್ಲಗ್ ತೂತಿನಿಂದ ಬೋರೋಸ್ಕೋಪ್ (ಕೊಳವೆಯ ಸಣ್ಣ ಕ್ಯಾಮೆರಾ) ಇಳಿಸಿದಾಗ ಕಂಡದ್ದು ಆಳವಿಲ್ಲದ ಗುಂಡಿ.

ಆಮೇಲೆ ಬ್ಲಾಕ್ ಮೇಲಿನ ಗ್ರೀಸ್ ಕೆರೆದು ಒತ್ತಿದ ನಂಬರ್ ಓದಿದೆ. ಹೊಟ್ಟೆ ಉರಿದದ್ದು ಆಗಲೇ. ಮಾರುವವನು ಮೊದಲ ದಿನವೇ ಆ ಜಿಟಿಪಿ ಕಾರಿನ ವಿನ್ (ಕಾರಿನ ಗುರುತು ಸಂಖ್ಯೆ) ಪ್ಲೇಟಿನ ಫೋಟೊ ಕಳಿಸಿದ್ದ. ಎಂಟನೇ ಅಂಕಿ 1, ಅಂದರೆ ಎಲ್67. ಎಲ್36 ಆಗಿದ್ದರೆ ಅಲ್ಲಿ ‘ಕೆ’ ಇರುತ್ತೆ. ಅದನ್ನು ನೋಡಿ ನಂಬಿದೆ. ಆದರೆ ಬ್ಲಾಕ್ ಮೇಲೆ ಆ ಕಾರಿನ ಕೊನೆಯ ಆರು ಅಂಕಿಯೂ ಇರಬೇಕಲ್ಲ? ಒಂದಕ್ಕೂ ತಾಳೆ ಇಲ್ಲ. ಐದು ನಿಮಿಷದ ಕೆಲಸ. ಫೋಟೊ ಫೋನಿನಲ್ಲೇ ಇತ್ತು, ಎಂಜಿನ್ ಕಣ್ಣೆದುರೇ ಇತ್ತು, ಹೋಲಿಸಿ ನೋಡಲಿಲ್ಲ.

ಅವನ ಉತ್ತರಗಳನ್ನು ಕೇಳಿ. ಮೊದಲು: ‘3800 ಅಂದ್ರೆ 3800, ಎಲ್ಲ ಒಂದೇ.’ ವಿನ್ ತೋರಿಸಿದ ಮೇಲೆ: ‘ಕಂಪ್ರೆಷನ್ ಜಾಸ್ತಿ ಇದ್ದರೆ ಪವರ್ ಜಾಸ್ತಿ, ನಿನಗೇ ಲಾಭ.’ ದುಡ್ಡು ವಾಪಸ್ ಕೇಳಿದ್ದಕ್ಕೆ: ‘ಬಳಸಿದ ಎಂಜಿನ್, ಇದ್ದ ಹಾಗೆ ಮಾರಿದ್ದು.’ ಇದ್ದ ಹಾಗೆ ಮಾರಿದ್ದರೆ ಇದ್ದದ್ದನ್ನು ಹೇಳಬೇಕಿತ್ತು!

ಫ್ಲೈವೀಲ್ ಕಥೆ ಬೇರೆ. 2.8ರ ಫ್ಲೈವೀಲ್‌ಗೆ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಆ ಎಂಜಿನ್ನಿನ ಸಮತೋಲಕ್ಕೆಂದು ಒಂದು ಕಡೆ ತೂಕದ ಗಟ್ಟಿ ಇರುತ್ತೆ. 3800ಗೆ ಹಾಕುವ ಮೊದಲು ಅದನ್ನು ಮಷಿನ್ ಶಾಪ್‌ನಲ್ಲಿ ತೆಗೆಸಿ ನ್ಯೂಟ್ರಲ್ ಬ್ಯಾಲೆನ್ಸ್ ಮಾಡಿಸಬೇಕು. ‘ಸರಿಮಾಡಿದ’ ಫ್ಲೈವೀಲ್‌ನಲ್ಲಿ ಆ ಗಟ್ಟಿ ಹಾಗೇ ಇತ್ತು. 3,000 ಆರ್‌ಪಿಎಂ ದಾಟಿದರೆ ಇಡೀ ಕಾರು ನಡುಗುತ್ತೆ. ಕೇಳಿದರೆ ‘ಮೌಂಟ್ ಮೆತ್ತಗಿರಬೇಕು’ ಅಂದ. ಪಿಸಿಎಂನಲ್ಲಿ ಕಳ್ಳತನ ತಡೆಯುವ ಲಾಕ್ ಕೂಡ ತೆಗೆಸಿರಲಿಲ್ಲ, ಅದಿದ್ದರೆ ಫ್ಯುಯಲ್ ಕಟ್ ಆಗುತ್ತೆ. ವೈರಿಂಗ್ ‘ಫಿಯೆರೊದ ಸಿ500, ಸಿ203 ಕನೆಕ್ಟರ್‌ಗೆ ಸಿಕ್ಕಿಸಿದರೆ ಮುಗೀತು’ ಅಂದಿದ್ದ. ಬಂದ ವೈರಿಂಗ್‌ನಲ್ಲಿ ಆ ಎರಡು ಕನೆಕ್ಟರೇ ಇಲ್ಲ.

ಒಮ್ಮೆ ಕೂರಿಸಿದರೆ ಇಳಿಸೋದು ಸುಲಭ ಅಲ್ಲ ಅಂತ ಫಿಯೆರೊ ಬಿಚ್ಚಿದವರಿಗೆ ಗೊತ್ತು. ಮುಂದಿನ ರೇಡಿಯೇಟರಿನಿಂದ ಹಿಂದಿನವರೆಗೆ ಓಡುವ ಪೈಪಿನ ಕೂಲೆಂಟ್ ಎಲ್ಲ ಬಸಿದು, ಪಾರ್ಕಿಂಗ್ ಬ್ರೇಕ್ ಕೇಬಲ್, ಶಿಫ್ಟ್ ಕೇಬಲ್, ಕ್ಲಚ್ ಸ್ಲೇವ್, ಸ್ಟ್ರಟ್ ಮೇಲಿನ ನಟ್, ಎಂಜಿನ್ ಹೊತ್ತ ಚೌಕಟ್ಟಾದ ಕ್ರೇಡಲ್‌ನ ನಾಲ್ಕು ಬೋಲ್ಟ್ ಬಿಚ್ಚಿ, ಬಾಡಿಯನ್ನೇ ಮೇಲಕ್ಕೆತ್ತಬೇಕು. ಅದನ್ನು ಎರಡು ಸಲ ಮಾಡಿದ್ದಾಯ್ತು.

ಆದ್ದರಿಂದ ಕೊಳ್ಳೋ ಮೊದಲು, ಎಂಜಿನ್ ನೆಲದ ಮೇಲಿರುವಾಗಲೇ: ಪೂರ್ತಿ ವಿನ್ ಬರೆಸಿಕೊಳ್ಳಿ, ಬ್ಲಾಕ್ ನಂಬರಿಗೆ ಹೋಲಿಸಿ, ಆರೂ ಪ್ಲಗ್ ತೂತಿನಲ್ಲಿ ಬೋರೋಸ್ಕೋಪ್ ಇಳಿಸಿ. ಕಂಪ್ರೆಷನ್ ಗೇಜ್ ಒಂದನ್ನೇ ನಂಬಬೇಡಿ, ಸವೆದ ರಿಂಗ್ ಲೆಕ್ಕ ತಪ್ಪಿಸುತ್ತೆ. ಚಾರ್ಜರ್‌ಗೆ ತನ್ನದೇ ಎಣ್ಣೆ ಇದೆ, ಅದನ್ನೂ ನೋಡಿ. ಇದನ್ನೆಲ್ಲ ಮಾಡಲು ಬಿಡಲ್ಲ ಅಂದರೆ ಎದ್ದು ಬನ್ನಿ.

ಆ ಮನುಷ್ಯ ಈ ವಾರ ಮತ್ತೆ ಇನ್ನೊಂದು ‘ಪೂರ್ತಿ ಎಲ್67’ ಮಾರಾಟಕ್ಕಿಟ್ಟಿದ್ದಾನೆ. ವಿನ್ ಪ್ಲೇಟಿನ ಫೋಟೊ ಮಾತ್ರ ನನಗೆ ಕಳಿಸಿದ ಅದೇ ಫೋಟೊ.