ಲ್ಯಾಡರ್ ಫ್ರೇಮ್ ಗಾಡಿ, ಹಲವು ವರ್ಷ ಓಡಿಸಿದ ಮೇಲೆ: ಚಾಸಿ ಗಟ್ಟಿ, ಕ್ಯಾಬಿನ್ ಹೇಗೆ?

ಇದು ಯಾವುದೋ ಒಂದು ಕಂಪನಿಯ ಗಾಡಿಯ ವಿಮರ್ಶೆ ಅಲ್ಲ. ನಾನು ಹಲವು ವರ್ಷಗಳಿಂದ ಓಡಿಸುತ್ತಿರುವುದು ಲ್ಯಾಡರ್ ಫ್ರೇಮ್ (ಏಣಿಯಾಕಾರದ ಉಕ್ಕಿನ ಚಾಸಿ) ಮೇಲೆ ಕಟ್ಟಿದ ಡೀಸೆಲ್ ಫೋರ್ ವೀಲ್ ಡ್ರೈವ್. ಕಲ್ಲು, ಕೆಸರು, ಹಳ್ಳ ಎಲ್ಲ ದಾಟಿದೆ. ಆ ಫ್ರೇಮಿನ ಬಗ್ಗೆಯೇ ಬರೆಯುತ್ತಿದ್ದೇನೆ. ಇಂಥ ಗಾಡಿ ಕೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ ಮಾತು: "ಚಾಸಿ ಗಟ್ಟಿ ಇದೆ, ಹಾಗಾದ್ರೆ ಸೇಫ್ ಅಲ್ವಾ?" ಚಾಸಿ ಗಟ್ಟಿ ಎಂಬುದು ನಿಜ. ಒಳಗೆ ಕೂತವರು ಉಳಿಯುತ್ತಾರಾ ಎಂಬುದು ಬೇರೆ ಲೆಕ್ಕ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುವೆ ಏಣಿಯ ಮೆಟ್ಟಿಲಿನಂತೆ ಕ್ರಾಸ್ ಮೆಂಬರ್‌ಗಳು. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲದರ ಭಾರ ಇದರ ಮೇಲೆಯೇ. ಬಾಡಿ ಮಾತ್ರ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ. ಒಂದು ಚಕ್ರ ಬಂಡೆ ಹತ್ತಿ ಇನ್ನೊಂದು ಗುಂಡಿಗೆ ಇಳಿದಾಗ ಫ್ರೇಮ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಆ ತಿರುಚುವಿಕೆಯ ದೊಡ್ಡ ಪಾಲು ಬುಷ್‌ಗಳಲ್ಲೇ ಮುಗಿಯುತ್ತದೆ. ಇಷ್ಟೆಲ್ಲ ಒರಟು ದಾರಿ ಕಂಡರೂ ನನ್ನ ಗಾಡಿಯ ಬಾಗಿಲುಗಳು ಈಗಲೂ ಸರಿಯಾಗಿ ಹಾಕಿಕೊಳ್ಳುತ್ತವೆ. ಕೆಸರಲ್ಲಿ ಸಿಕ್ಕ ಗಾಡಿಗೆ ಹಗ್ಗ ಕಟ್ಟಿ ಎಳೆಯುವಾಗಲೂ ಹೆದರಿಕೆ ಇಲ್ಲ, ಎಳೆತ ನೇರ ಫ್ರೇಮಿಗೆ ಹೋಗುತ್ತದೆ. ದುಡಿಯುವ ಗಾಡಿಗೆ ಇದಕ್ಕಿಂತ ಒಳ್ಳೆಯ ಅಡಿಪಾಯ ನಾನು ಕಂಡಿಲ್ಲ.

ಆದರೆ ಡಿಕ್ಕಿಯಲ್ಲಿ ಕೇಳುವ ಗುಣವೇ ಬೇರೆ. ಗಂಟೆಗೆ 64 ಕಿ.ಮೀ. ವೇಗದಲ್ಲಿದ್ದವರು ಅರ್ಧ ಮೀಟರಿನೊಳಗೆ ನಿಂತರೆ, ಮೈಮೇಲೆ ಬೀಳುವ ಬಲ ಸರಾಸರಿ ಅವರ ತೂಕದ 32 ಪಟ್ಟು. ಕಾಲು ಮೀಟರಿನಲ್ಲೇ ನಿಂತರೆ ಅದರ ಎರಡರಷ್ಟು. ಹಾಗಾಗಿ ಗಾಡಿಯ ಮೂತಿ ಮಡಚಿಕೊಳ್ಳಲೇಬೇಕು. ಅದು ಬಗ್ಗದೆ ನಿಂತರೆ ಏಟು ಮನುಷ್ಯರಿಗೆ. ಈಗಿನ ಒಳ್ಳೆಯ ಫ್ರೇಮ್‌ಗಳಲ್ಲಿ ತೊಲೆಯ ಮುಂತುದಿಯಲ್ಲಿ ಬೇಕಂತಲೇ ಮಡಿಕೆ, ತೂತು, ತೆಳು ಭಾಗ ಇಟ್ಟಿರುತ್ತಾರೆ, ಅಲ್ಲಿ ಸುಕ್ಕಾಗಿ ಏಟು ಹೀರಲಿ ಅಂತ. ಅದರ ಹಿಂದಿರುವ, ಜನ ಕೂರುವ ಕ್ಯಾಬಿನ್ ಮಾತ್ರ ನಜ್ಜುಗುಜ್ಜಾಗಬಾರದು.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಆ ತೊಲೆಗಳು ಚಕ್ರಗಳಿಗಿಂತ ಒಳಗಡೆ ಇರುತ್ತವೆ. ಗಾಡಿಯ ಅಂಚು ಮಾತ್ರ ಮರಕ್ಕೋ ಕಂಬಕ್ಕೋ ಬಡಿದರೆ ಏಟು ತೊಲೆಯ ಹೊರಗಿಂದ ಹಾದು, ಚಕ್ರವನ್ನು ನೇರ ಕಾಲಿಡುವ ಜಾಗದ ಕಡೆಗೆ ತಳ್ಳಬಹುದು. ಆಗ ಕಾಪಾಡಬೇಕಾದದ್ದು ಬಾಗಿಲ ಚೌಕಟ್ಟು, ಮುಂದಿನ ಪಿಲ್ಲರ್ (ಮುಂಗಾಜಿನ ಪಕ್ಕದ ಕಂಬ), ನೆಲದ ಅಂಚು. ಅಮೆರಿಕದಲ್ಲಿ ಗಾಡಿಗಳ ಡಿಕ್ಕಿ ಪರೀಕ್ಷೆ ಮಾಡುವ ಐಐಎಚ್‌ಎಸ್ ಸಂಸ್ಥೆ ಇದಕ್ಕೆಂದೇ 2012ರಲ್ಲಿ ಒಂದು ಪರೀಕ್ಷೆ ಶುರು ಮಾಡಿತು: 64 ಕಿ.ಮೀ. ವೇಗ, ಗಾಡಿಯ ಅಗಲದ 25% ಮಾತ್ರ ತಡೆಗೆ ಬಡಿಯುತ್ತದೆ. ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್ ಈ ಪರೀಕ್ಷೆಯಲ್ಲಿ ಪಕ್ಕಕ್ಕೆ ಮಗುಚಿ ಬಿತ್ತು. ಕ್ಯಾಬಿನ್ ಚೆನ್ನಾಗೇ ಉಳಿದಿತ್ತು, ಆದರೂ ಮಗುಚಿದ್ದು ಅಪಾಯವೇ ಅಂತ ದರ್ಜೆ ಇಳಿಸಿದರು.

ಹಾಗಂತ ಲ್ಯಾಡರ್ ಫ್ರೇಮ್ ಕೆಟ್ಟದ್ದು, ಮೊನೊಕಾಕ್ (ಬೇರೆ ಫ್ರೇಮ್ ಇಲ್ಲದೆ ಬಾಡಿಯೇ ಭಾರ ಹೊರುವ ರಚನೆ) ಒಳ್ಳೆಯದು ಅಂತ ಗೆರೆ ಎಳೆಯುವುದೂ ತಪ್ಪು. ಲ್ಯಾಡರ್ ಫ್ರೇಮಿನ ಸುಜುಕಿ ಜಿಮ್ನಿಗೆ 2018ರಲ್ಲಿ ಯುರೋಪಿನ ಡಿಕ್ಕಿ ಪರೀಕ್ಷೆ ಸಂಸ್ಥೆ ಯೂರೋ ಎನ್‌ಕ್ಯಾಪ್ ಕೊಟ್ಟದ್ದು ಐದರಲ್ಲಿ 3 ಸ್ಟಾರ್. ಅದೇ ಬಗೆಯ ಫ್ರೇಮಿನ ಮಹೀಂದ್ರಾ ಸ್ಕಾರ್ಪಿಯೊ-ಎನ್‌ಗೆ 2022ರಲ್ಲಿ ಇಂಥದ್ದೇ ಇನ್ನೊಂದು ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ದೊಡ್ಡವರ ರಕ್ಷಣೆಗೆ 5 ಸ್ಟಾರ್ ಕೊಟ್ಟಿತು. ಎರಡೂ ಕಡೆಯ ಅಳತೆಗೋಲು ಬೇರೆ, ಸ್ಟಾರ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಆದರೆ ಲ್ಯಾಡರ್ ಫ್ರೇಮ್ ಇದ್ದೂ ಒಳ್ಳೆಯ ರಕ್ಷಣೆ ಕೊಡಬಹುದು ಎಂಬುದಕ್ಕೆ ಇದು ಸಾಕು. ಇತ್ತ ಲ್ಯಾಂಡ್ ರೋವರ್ ಡಿಫೆಂಡರ್ ಹಳೆಯ ಫ್ರೇಮ್ ಬಿಟ್ಟು ಅಲ್ಯೂಮಿನಿಯಂ ಮೊನೊಕಾಕ್‌ಗೆ ಬಂದು 2020ರಲ್ಲಿ ಯೂರೋ ಎನ್‌ಕ್ಯಾಪ್‌ನ 5 ಸ್ಟಾರ್ ಪಡೆಯಿತು, ಕಾಡುದಾರಿಯನ್ನೂ ಬಿಟ್ಟುಕೊಡಲಿಲ್ಲ.

ದಿನಬಳಕೆಯಲ್ಲಿ ನನಗೆ ಕಷ್ಟ ಕೊಟ್ಟದ್ದು ಎತ್ತರ ಮತ್ತು ತೂಕ. ಟಾರು ರಸ್ತೆಯಲ್ಲಿ ದನ ಅಡ್ಡ ಬಂದು ಸ್ಟೇರಿಂಗ್ ತಟ್ಟನೆ ತಿರುಗಿಸಿದರೆ ಬಾಡಿ ವಾಲುವುದು ಚೆನ್ನಾಗಿ ಗೊತ್ತಾಗುತ್ತದೆ. ಇಎಸ್‌ಸಿ (ಗಾಡಿ ಹಿಡಿತ ತಪ್ಪಿದಾಗ ಒಂದೊಂದು ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಸರಿಪಡಿಸುವ ವ್ಯವಸ್ಥೆ) ಇಲ್ಲದ ಎತ್ತರದ ಗಾಡಿಯನ್ನು ನಾನು ಯಾರಿಗೂ ತಗೊಳ್ಳಿ ಅನ್ನಲ್ಲ. ಕ್ಯಾರಿಯರ್ ಮೇಲೆ ಜಾಸ್ತಿ ಭಾರ ಏರಿಸಬೇಡಿ, ಪಲ್ಟಿಯ ಅಪಾಯ ಇನ್ನೂ ಏರುತ್ತದೆ.

ಬಂಪರಿನ ಮುಂದೆ ಕೂರಿಸುವ ಬುಲ್ ಬಾರ್ ನಾನು ಹಾಕಿಸಿಲ್ಲ, ಹಾಕಿಸುವುದೂ ಇಲ್ಲ. ಸಿಕ್ಕಸಿಕ್ಕಲ್ಲಿ ಮಾಡಿಸಿದ ಕಬ್ಬಿಣದ ಬಾರ್ ಬೋಲ್ಟ್ ಆಗುವುದು ನೇರ ಫ್ರೇಮಿಗೆ. ಮಡಚಬೇಕಾದ ಭಾಗ ಮಡಚುವ ಮೊದಲೇ ಏಟು ಹಿಂದಕ್ಕೆ ಹೋಗುತ್ತದೆ. ಏರ್‌ಬ್ಯಾಗ್ ಸೆನ್ಸರಿನ ಲೆಕ್ಕವೂ ತಪ್ಪಬಹುದು. ಎದುರಿಗೆ ಸಿಕ್ಕ ಪಾದಚಾರಿಯ ಗತಿ ಕೇಳುವುದೇ ಬೇಡ. ಎದುರಿನ ಚಿಕ್ಕ ಕಾರಿನವರ ಜೀವವೂ ಜೀವವೇ. ಎತ್ತರದ ಗಾಡಿಯ ತೊಲೆ ಕಾರಿನ ಬಂಪರ್ ದಾಟಿ ಮೇಲೇರುತ್ತದೆ ಅಂತಲೇ ಅಮೆರಿಕದಲ್ಲಿ ತಯಾರಕರು 2003ರಲ್ಲಿ ಒಪ್ಪಂದ ಮಾಡಿಕೊಂಡು ಏಟು ಹೀರುವ ಭಾಗವನ್ನು ಕಾರುಗಳ ಮಟ್ಟಕ್ಕೆ ಹೊಂದಿಸತೊಡಗಿದರು.

ನಿರ್ವಹಣೆ ವಿಷಯಕ್ಕೆ ಬಂದರೆ, ಬಾಡಿ ಬುಷ್‌ಗಳು ಗಟ್ಟಿಯಾಗಿ ಬಿರಿದು ಕೆಳಗಿಂದ ಟಕ್ ಟಕ್ ಸದ್ದು ಬರತೊಡಗಿತ್ತು. ಬದಲಿಸಿದ ಮೇಲೆ ಹೋಯಿತು. ಕೆಸರು ತೊಲೆಯ ಒಳಗೆ ಸೇರಿಕೊಂಡು ನೀರು ಹಿಡಿದಿಡುತ್ತದೆ, ತುಕ್ಕು ಒಳಗಿಂದಲೇ ತಿನ್ನುತ್ತದೆ. ಹೊರಗೆ ಬಣ್ಣ ಚೆನ್ನಾಗೇ ಕಾಣುತ್ತಿರುತ್ತದೆ. ನೀರು ಇಳಿಯುವ ತೂತುಗಳನ್ನು ಬಿಡಿಸಿ, ಒಳಕ್ಕೆ ಪೈಪ್ ಹಿಡಿದು ತೊಳೆಯಿರಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಬಣ್ಣ ನೋಡುವ ಮೊದಲು ಗಾಡಿಯನ್ನು ಲಿಫ್ಟ್ ಮೇಲೆ ಹಾಕಿಸಿ. ಫ್ರೇಮಿನ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆಸಿ. ಎರಡು ಅಳತೆ ಕಂಪನಿ ಕೊಟ್ಟ ಲೆಕ್ಕಕ್ಕೆ ಹೊಂದದಿದ್ದರೆ, ಅಥವಾ ಮುಂದಿನ ಮಡಚುವ ಭಾಗದಲ್ಲಿ ಮೇಲಿಂದ ತಗಡು ಇಟ್ಟು ವೆಲ್ಡ್ ಮಾಡಿದ್ದು ಕಂಡರೆ, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟುಬಿಡಿ. ಆ ಜಾಗ ಮುಂದಿನ ಏಟಿಗೆ ಮೊದಲಿನಂತೆ ಮಡಚುತ್ತದೆ ಅಂತ ಯಾರೂ ಮಾತು ಕೊಡಲಾರರು.