ಎದೆಗೆ ಪೆಟ್ಟಾದಾಗ: ವೆಂಟಿಲೇಟರ್ ಸಾಕೇ, ಎಕ್ಮೋ ಬೇಕೇ?
ತುಮಕೂರಿನ ಹೆದ್ದಾರಿಯಲ್ಲಿ ಅಪಘಾತವಾಗಿ ಎದೆ ಜಜ್ಜಿಹೋದವರ ಮನೆಯವರಿಗೆ ಐಸಿಯು ಬಾಗಿಲಲ್ಲಿ ಈ ಪ್ರಶ್ನೆ ಎದುರಾಗಬಹುದು.

ವೆಂಟಿಲೇಟರ್ ಗಾಳಿಯನ್ನು ಒಳಗೆ ತಳ್ಳುತ್ತದೆ, ಅಷ್ಟೇ. ಆಮ್ಲಜನಕವನ್ನು ರಕ್ತಕ್ಕೆ ಸೇರಿಸಬೇಕಾದದ್ದು ಶ್ವಾಸಕೋಶವೇ. ಎಕ್ಮೋ ಯಂತ್ರ ಹಾಗಲ್ಲ: ಸಾಮಾನ್ಯವಾಗಿ ತೊಡೆಸಂದಿನ ದೊಡ್ಡ ರಕ್ತನಾಳದಿಂದ ರಕ್ತ ಹೊರತೆಗೆದು, ಆಮ್ಲಜನಕ ಬೆರೆಸಿ ಮೈಗೆ ಮರಳಿಸುತ್ತದೆ. ಶ್ವಾಸನಾಳವೇ ಹರಿದಿದ್ದರೆ ಎಷ್ಟು ಗಾಳಿ ತಳ್ಳಿದರೂ ಸೋರುತ್ತದೆ. ಸರ್ಜನ್ ಹೊಲಿಗೆ ಹಾಕಿ ಮುಗಿಸುವ ತನಕ ಜೀವ ಹಿಡಿದಿಡಲು ಆಗ ಎಕ್ಮೋ ನೆರವಾಗುತ್ತದೆ. ಶ್ವಾಸಕೋಶ ಮಾತ್ರ ಕೈಕೊಟ್ಟಿದ್ದರೆ ರಕ್ತವನ್ನು ಹೃದಯದತ್ತ ಒಯ್ಯುವ ಅಭಿಧಮನಿಗೇ ಮರಳಿಸುತ್ತಾರೆ, ಹೃದಯವೂ ಸೋತಿದ್ದರೆ ಹೃದಯದಿಂದ ಮೈಗೆ ರಕ್ತ ಒಯ್ಯುವ ಅಪಧಮನಿಗೆ.

ದೊಡ್ಡ ಭಯ ರಕ್ತಸ್ರಾವದ್ದು. ಕೊಳವೆಗಳಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಕೊಡುತ್ತಾರೆ. ಗಾಯಾಳುವಿಗೆ ಅದೇ ಮುಳುವಾಗಬಹುದು, ತಲೆಗೂ ಪೆಟ್ಟಾಗಿದ್ದರಂತೂ ಇನ್ನೂ ಹೆಚ್ಚು. ಆರಂಭದಲ್ಲಿ ಹೆಪಾರಿನ್ ಇಲ್ಲದೆಯೂ ಯಂತ್ರ ನಡೆಸುವುದುಂಟು, ಈ ಬಗ್ಗೆ ವೈದ್ಯರನ್ನು ಕೇಳಿ. ವೆಂಟಿಲೇಟರ್‌ಗೆ ಈ ಗೊಡವೆಯಿಲ್ಲ, ಖರ್ಚೂ ಬಹಳ ಕಡಿಮೆ.

ಎದೆಗೆ ಪೆಟ್ಟಾದ ಹೆಚ್ಚಿನವರಿಗೆ ಎಕ್ಮೋ ಬೇಕಾಗುವುದೇ ಇಲ್ಲ. ಎದೆಯೊಳಗೆ ತುಂಬಿದ ರಕ್ತ, ಗಾಳಿ ಹೊರಬರಲು ಟ್ಯೂಬ್ ಹಾಕಿದರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಎಕ್ಮೋ ಹೆಸರು ಕೇಳಿ ಸುಮಾರು 70 ಕಿ.ಮೀ. ದೂರದ ಬೆಂಗಳೂರಿಗೆ ನೇರ ಓಡಬೇಡಿ. ಮೊದಲು ತುಮಕೂರಿನಲ್ಲೇ ಆ ಟ್ಯೂಬ್ ಹಾಕಿಸಿ.